ಸಾಮಾನು ಮರೆತವರ ಕಂಟ್ರೋಲರು

ಮಾಗಡಿ ಬಸ್‌ಸ್ಟ್ಯಾಂಡಿನಲ್ಲಿ ಈಗ ಛತ್ರಿ ಕಳೆದುಕೊಂಡವರಿಗೆ ಬರೀ ಛತ್ರಿ ಸಿಗುತ್ತದೆ. ಹೋದ ವರ್ಷದ ತನಕ ಛತ್ರಿಯ ಜೊತೆಗೆ ಬೈಗುಳವೂ ಸಿಗುತ್ತಿತ್ತು. ಬೈಯುತ್ತಿದ್ದ ಕಂಟ್ರೋಲರು ರಿಟೈರಾಗಿ, ಕೆಂಪಾಪುರದ ಕಡೆ ಇರುವ ತಮ್ಮ ತೋಟದಲ್ಲಿ ಈಗ ಬಾಳೆಗಿಡಗಳನ್ನು ಬೈದುಕೊಂಡಿದ್ದಾರಂತೆ. ಅವರ ಹೆಸರು ಬರೆಯುವುದಿಲ್ಲ. ಬರೆದರೆ, "ಯಾರ್ನ ಕೇಳಿ ಬರ್ದೆ? ಅರ್ಜಿ ಎಲ್ಲೈತೆ?" ಎಂದು ಫೋನು ಮಾಡುವ ಮನುಷ್ಯ ಅವರು.

ಕಂಟ್ರೋಲರೆಂದರೆ ಬಸ್ಸು ಬರುವ ಹೋಗುವ ಹೊತ್ತನ್ನು ಬರೆದುಕೊಂಡು, ಯಾವ ಬಸ್ಸು ಎಲ್ಲಿಗೆಂದು ಮೈಕಿನಲ್ಲಿ ಕೂಗುವವರು. ನಮ್ಮ ಮೈಕು ತಿಂಗಳಿಗೊಮ್ಮೆ ಕೆಡುತ್ತಿತ್ತು. ಕೆಟ್ಟದ್ದು ಪ್ರಯಾಣಿಕರಿಗಿರಲಿ, ಅವರಿಗೇ ಗೊತ್ತಾಗುತ್ತಿರಲಿಲ್ಲ. ಅಂಥ ಗಂಟಲು. ಕನ್ನಡಕ ಸದಾ ಹಣೆಯ ಮೇಲೆ, ಬಲಗೈ ಹೆಬ್ಬೆರಳು ತೋರುಬೆರಳಿನ ನಡುವೆ ಸದಾ ಒಂದು ಚಿಟಿಕೆ ನಶ್ಯ. ನಶ್ಯ ಏರಿಸುವ ಮುಂಚೆ ಒಂದು ಮಾತು, ಏರಿಸಿದ ಮೇಲೆ ಒಂದು ಮಾತು. ನಡುವಿನ ಹೊತ್ತಿನಲ್ಲಿ ಯಾರೇ ಏನು ಕೇಳಿದರೂ ಉತ್ತರವಿಲ್ಲ. ಕನಕಪುರದ ಬಸ್ಸು ಹೊರಟೇ ಹೋದರೂ ಸರಿ.

ಬಸ್ಸಿನಲ್ಲಿ ಸಿಕ್ಕ ಸಾಮಾನೆಲ್ಲ ಬಂದು ಸೇರುತ್ತಿದ್ದದ್ದು ಅವರ ಬೆನ್ನ ಹಿಂದಿನ ಕಬ್ಬಿಣದ ಬೀರುವಿಗೆ. ಅದಕ್ಕೆ ರೂಲ್ಸು ಇವೆ. ಕಂಡಕ್ಟರು ಟ್ರಿಪ್ಪು ಮುಗಿದ ಕೂಡಲೇ ತಂದು ಒಪ್ಪಿಸಬೇಕು, ಪುಸ್ತಕದಲ್ಲಿ ಬರೆಯಬೇಕು. ಕಳೆದುಕೊಂಡವರು ತಾವೇ ಬಂದು, ಆಧಾರ್ ತೋರಿಸಿ, ಅರ್ಜಿ ಬರೆದುಕೊಟ್ಟು, ಸಹಿ ಹಾಕಿ ತೆಗೆದುಕೊಂಡು ಹೋಗಬೇಕು. ಕೆಡುವಂಥ ಪದಾರ್ಥವಾದರೆ ಸಂಜೆಯೊಳಗೆ ಬಸ್‌ಸ್ಟ್ಯಾಂಡಿನಲ್ಲೇ ಹರಾಜು. ಇದು ಸಂಸ್ಥೆಯ ರೂಲ್ಸು. ಇದರ ಮೇಲೆ ಅವರದ್ದೇ ಎರಡಿದ್ದವು. ಒಂದು, ಬೀರು ತೆಗೆಯುವ ಮುಂಚೆ "ಒಳಗೇನೈತೆ ಯೋಳಿ" ಅನ್ನುವುದು. ಇನ್ನೊಂದು, ಬೈಯುವುದು.

"ತಲೆ ಎಲ್ಲಿಟ್ಟಿದ್ರಿ? ಅದ್ನೂ ಬಸ್ನಾಗೇ ಬುಟ್ಟಿದ್ರೆ ಯೋಳಿ, ಬೀರುನಾಗೆ ನೋಡ್ತೀನಿ."

ಬ್ಯಾಗಿಗಾದರೆ ಒಳಗೇನಿದೆ ಎಂದು ಕೇಳಬಹುದು, ಛತ್ರಿಗೆ ಏನು ಕೇಳುವುದು? ಎಲ್ಲ ಛತ್ರಿಯೂ ಕಪ್ಪು, ಎಲ್ಲ ಛತ್ರಿಗೂ ಬಾಗಿದ ಹಿಡಿ. ಅವರು ಮೂರು ಛತ್ರಿ ಮುಂದಿಟ್ಟು, "ನಿಮ್ದು ಯಾವ್ದೋ ಅದ್ನ ಬಿಚ್ಚಿ" ಅನ್ನುತ್ತಿದ್ದರು. ನಿಜವಾದ ಯಜಮಾನ ಗುಂಡಿ ಒತ್ತುವ ಮುಂಚೆಯೇ ಎಡಗೈಯಲ್ಲಿ ಒಂದು ಕಡ್ಡಿಯನ್ನು ಎತ್ತಿ ಹಿಡಿಯುತ್ತಿದ್ದ, ಇಲ್ಲವೇ ಹಿಡಿಯನ್ನು ಒಂದು ಸಲ ಕುಟ್ಟುತ್ತಿದ್ದ. ಸುಳ್ಳು ಯಜಮಾನ ಸುಮ್ಮನೆ ಗುಂಡಿ ಒತ್ತುತ್ತಿದ್ದ. "ಸ್ವಂತದ್ದಾದ್ರೆ ಅದ್ರ ಕಾಯ್ಲೆ ಗೊತ್ತಿರ್ತದೆ ಕಣಮ್ಮಿ" ಎಂದು ಹೊಸ ಕಂಡಕ್ಟರಾದ ನನಗೆ ಆಮೇಲೆ ಪಾಠ.

ಒಂದು ಸಲ ಒಬ್ಬ ತಾತ ಹಲ್ಲುಸೆಟ್ಟು ಹುಡುಕಿಕೊಂಡು ಬಂದರು. ಬಾಯಲ್ಲಿ ಹಲ್ಲಿಲ್ಲದ್ದರಿಂದ ಅವರು ಹೇಳಿದ್ದು ಒಂದೂ ತಿಳಿಯಲಿಲ್ಲ. "ಮೊದ್ಲು ಹಾಕ್ಕಳಿ ತಾತ, ಆಮೇಲೆ ಅದೇನು ಯೋಳಿ" ಎಂದು ಸೆಟ್ಟು ತೊಳೆಸಿ ಕೊಟ್ಟರು. ತಾತ ಹಾಕಿಕೊಂಡು ಮಾಡಿದ ಮೊದಲ ಕೆಲಸವೆಂದರೆ, ಇಷ್ಟು ಹೊತ್ತು ನಿಲ್ಲಿಸಿದ್ದಕ್ಕೆ ಕಂಟ್ರೋಲರ ವಂಶವನ್ನೆಲ್ಲ ಬೈದದ್ದು. ಒಂದು ಅಕ್ಷರ ತಪ್ಪಿಲ್ಲ, ಅಷ್ಟು ಸ್ಪಷ್ಟ. "ಸರಿಯಾಗಿ ಕೂತೈತೆ, ಅವ್ರದ್ದೇಯ" ಎಂದು ಇವರು ಸಹಿಗೆ ಪುಸ್ತಕ ಮುಂದೆ ತಳ್ಳಿದರು.

ಸಾವನದುರ್ಗ ಹತ್ತಿ ಇಳಿದ ಬೆಂಗಳೂರಿನವನೊಬ್ಬ ಕಾಲು ಉರಿಯೆಂದು ಶೂ ಬಿಚ್ಚಿಟ್ಟು, ಒಂದೇ ಕಾಲಿನದ್ದನ್ನು ಬಸ್ಸಿನಲ್ಲಿ ಬಿಟ್ಟು ಹೋಗಿದ್ದ. ಮೂರು ತಿಂಗಳು ಆ ಒಂಟಿ ಶೂ ಬೀರುವಿನಲ್ಲಿತ್ತು. ಎಂಥವನಿರಬೇಕು ಅವನು, ಇನ್ನೊಂದು ಕಾಲಿಗೆ ಏನು ಹಾಕಿಕೊಂಡು ಮನೆಗೆ ಹೋದ ಎಂಬುದು ಅವರ ದಿನದ ಚಿಂತೆ. ಆಫೀಸಿಗೆ ಬಂದವರ ಕಾಲನ್ನೆಲ್ಲ ಮೊದಲು ನೋಡುವುದು ಅವರಿಗೆ ಅಭ್ಯಾಸವಾಗಿ ಹೋಗಿತ್ತು.

ಹಲಸಿನ ಕಾಲದಲ್ಲಿ ಹರಾಜು ಜೋರು. ಸೀಟಿನ ಕೆಳಗೆ ಬಿಟ್ಟುಹೋದ ಹಣ್ಣು ಬಿಸಿಲಿಗೆ ಘಮ್ಮೆಂದು ವಾಸನೆ ಹೊಡೆಯುವಾಗ ಟೀ ಅಂಗಡಿಯವನು, ಹೂವಿನವಳು, ಆಟೋದವರು ಎಲ್ಲ ಸುತ್ತ ನಿಂತಿರುತ್ತಿದ್ದರು. ಕಂಟ್ರೋಲರಿಗೆ ಹಲಸು ಪ್ರಾಣ. ಆದರೆ ಒಂದು ದಿನವೂ ಒಂದು ತೊಳೆ ಬಾಯಿಗಿಟ್ಟವರಲ್ಲ. ಹರಾಜು ಹಿಡಿದವನು ಬಿಡಿಸಿ ಕೊಟ್ಟರೂ "ನಾನ್ ಕೂಗ್ದೋನು ಕಣ್ಲಾ, ನಾನ್ ತಿನ್ನಂಗಿಲ್ಲ" ಎಂದು ಮುಖ ತಿರುಗಿಸಿ ಕೂರುತ್ತಿದ್ದರು.

ನಾನು ರಾಮನಗರದವಳು. ನಮ್ಮ ಅಬ್ಬಾ ರೀಲರ್. ರೈತರಿಂದ ರೇಷ್ಮೆಗೂಡು ಕೊಂಡು, ಬೇಯಿಸಿ ನೂಲು ತೆಗೆಯುವವರು. ಮನೆತನದಲ್ಲಿ ಕಂಡಕ್ಟರಾದವಳು ನಾನೇ ಮೊದಲು. ಟ್ರೈನಿಂಗ್ ಅವಧಿಯಲ್ಲಿ ಮಾಗಡಿಗೆ ಹಾಕಿದರು. ಮೊದಲ ದಿನ ಕಂಟ್ರೋಲರ ಮುಂದೆ ನಿಂತಾಗ ಅವರು ಕನ್ನಡಕ ಇಳಿಸಿ ನೋಡಿ, ಅಪ್ಪ ಏನು ಮಾಡುತ್ತಾರೆಂದು ಕೇಳಿದರು. ಹೇಳಿದೆ.

"ಓಹೋ, ರೀಲರ್ ಮಗ್ಳಾ! ನಮ್ಮಪ್ಪ ಸೊಪ್ಪು ಹಾಕಿ ಸಾಕಿದ್ನೆಲ್ಲ ನಿಮ್ಮಪ್ಪ ಕುದಿಯೋ ನೀರ್ಗೆ ಹಾಕೋರು. ಅದ್ಕೇ ನನ್ ಕೈಗೆ ಸಿಕ್ಕಿದ್ದೀಯ."

ಹೆದರಿಕೊಂಡಿದ್ದ ನನಗೆ ನಗು ಬಂತು. ಅವತ್ತಿನಿಂದ ನಾನು ಅವರಿಗೆ "ಕಣಮ್ಮಿ". ಊಟದ ಡಬ್ಬಿ ಮರೆತರೆ ಬೈಗುಳ, ಡಬ್ಬಿ ತಂದರೆ ಅದರಲ್ಲಿ ಏನಿದೆ ಎಂದು ಪರೀಕ್ಷೆ.

ಈಗ ನಾನು ನಿಜವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆಯ ಬಸ್ಸಿನಲ್ಲಿ ಒಂದು ವಾಡಿಕೆಯಿದೆ. ನಿಂತವರ ಗಂಟನ್ನು ಕೂತವರು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಹೆಸರು ಕೇಳುವುದಿಲ್ಲ, ಊರು ಕೇಳುವುದಿಲ್ಲ, "ಕೊಡವ್ವ ಇತ್ಲಾಗೆ" ಎಂದು ಕೈ ಚಾಚುತ್ತಾರೆ. ಹೆಂಗಸರಿಗೆ ಟಿಕೆಟ್ ಫ್ರೀ ಆದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಹಾಗಾಗಿ ಇಂಥ ಗಂಟುಗಳೂ ಜಾಸ್ತಿ. ಗಂಟು ಕೊಟ್ಟವಳು ತನ್ನ ಸ್ಟಾಪಿನಲ್ಲಿ ನೂಕುನುಗ್ಗಲಿಗೆ ಸಿಕ್ಕಿ ಹಿಂಬಾಗಿಲಿನಿಂದ ಇಳಿದುಬಿಟ್ಟರೆ, ಇಟ್ಟುಕೊಂಡವಳು ಮುಂದಿನ ಸೀಟಿನಲ್ಲಿ ತೂಕಡಿಸುತ್ತಲೇ ಇರುತ್ತಾಳೆ.

ಅವತ್ತು ಆದದ್ದು ಅದೇ. ನನ್ನ ಬಸ್ಸು ಬೆಳಿಗ್ಗೆ ಮಾಗಡಿಯಿಂದ ಗುಡೇಮಾರನಹಳ್ಳಿ ಕಡೆ ಹೋಗಿ, ಬೇರೆ ಹಳ್ಳಿಗಳ ದಾರಿಯಲ್ಲಿ ಸುತ್ತಿಕೊಂಡು ವಾಪಸು ಬಂದಿತ್ತು. ಎಲ್ಲರೂ ಇಳಿದ ಮೇಲೆ ನೋಡಿದರೆ, ಇಟ್ಟುಕೊಂಡವರು ಇಳಿಯುವಾಗ ಕೆಳಗಿಟ್ಟು ಹೋದ ಹಾಗೆ, ಒಂದು ಸೀಟಿನ ಕೆಳಗೆ ಅಗಲವಾದ ರಟ್ಟಿನ ಬಾಕ್ಸು. ಮೇಲೆ ಹಳೇ ಸೀರೆಯ ತುಂಡು ಕಟ್ಟಿತ್ತು, ಪಕ್ಕದಲ್ಲಿ ಗಾಳಿಗೆಂದು ತೂತುಗಳು. ರೂಲ್ಸಿನ ಪ್ರಕಾರ ತಂದು ಒಪ್ಪಿಸಿದೆ. ಕಂಟ್ರೋಲರು ಪುಸ್ತಕದಲ್ಲಿ "ಬಾಕ್ಸ್ ಒಂದು" ಎಂದು ಬರೆದು, ಆಮೇಲೆ ಬಟ್ಟೆ ಸರಿಸಿದರು. ಸರಿಸಿದವರು ತಕ್ಷಣ ಎರಡು ಹೆಜ್ಜೆ ಹಿಂದೆ ಹೋಗಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

"ಹುಳ ಕಣಮ್ಮಿ. ಚಾಕಿ ಹುಳ."

ಚಾಕಿ ಎಂದರೆ ರೇಷ್ಮೆಯ ಮರಿಹುಳ. ಅದನ್ನು ಮರಿ ಮಾಡಿ ಕೊಡುವ ಸೆಂಟರಿನಿಂದ ತಂದು ಮನೆಯಲ್ಲಿ ಸಾಕುತ್ತಾರೆ. ಜೀರಿಗೆಗಿಂತ ಸ್ವಲ್ಪ ಉದ್ದದ ಬೂದು ಬಣ್ಣದ ಹುಳಗಳು, ಲೆಕ್ಕವಿಲ್ಲದಷ್ಟು, ತಲೆ ಎತ್ತಿ ಎತ್ತಿ ಆಡಿಸುತ್ತಿದ್ದವು. ಹುಟ್ಟಿದಾಗಿನಿಂದ ಗೂಡಿನ ವಾಸನೆಯಲ್ಲೇ ಬೆಳೆದ ನಾನು ಜೀವಂತ ಹುಳವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಜ್ವರ ಎದ್ಬುಟ್ಟವೆ" ಅಂದರು. ಹುಳ ಪೊರೆ ಬಿಡುವುದಕ್ಕೆ ರೈತರು ಜ್ವರ ಅನ್ನುತ್ತಾರೆ. ಎದ್ದ ಹುಳಕ್ಕೆ ಹಸಿವು. "ಸೊಪ್ಪಿಲ್ದೆ ಈ ಬಿಸ್ಲಲ್ಲಿ ಸಂಜೆಗಂಟ ತಡೆಯಾಕಿಲ್ಲ. ನಾನ್ ಮುಟ್ಟಂಗಿಲ್ಲ, ಕೈಯೆಲ್ಲ ನಶ್ಯ. ಹೊಗೆಸೊಪ್ಪಿನ ಗಾಳಿ ತಗುಲಿದ್ರೆ ಸತ್ತೋಯ್ತವೆ. ನೀನು ಸೋಪಾಕಿ ಕೈ ತೊಳ್ಕಂಡು ಬಾ."

ಡ್ರೈವರನ್ನು ಓಡಿಸಿ ಔಷಧಿ ಹೊಡೆಯದ ಹಿಪ್ಪುನೇರಳೆ ಸೊಪ್ಪು ತರಿಸಿದರು. ಪಾರ್ಸೆಲ್ಲಿನ ದಾರ ಕತ್ತರಿಸುವ ಕತ್ತರಿಯನ್ನು ತೊಳೆಸಿದರು. ನಾನು ಎಳೆಯ ಎಲೆಗಳನ್ನು ಸಣ್ಣಗೆ ಕತ್ತರಿಸಿ ಉದುರಿಸುತ್ತಾ ಹೋದೆ, ಅವರು ಕಿಟಕಿಯ ಪಕ್ಕ ನಿಂತು ಹೇಳುತ್ತಾ ಹೋದರು. "ಒಂದೇ ಕಡೆ ಗುಡ್ಡೆ ಹಾಕ್ಬ್ಯಾಡ. ಮೂಲೇಲಿರೋವು ಏನ್ ಪಾಪ ಮಾಡಿದ್ದೊ? ಅಲ್ಲೂ ಒಸಿ ಹಾಕು." ಬೀಡಿ ಹಿಡಿದುಕೊಂಡು ಇಣುಕಿದ ಆಟೋದವನಿಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯಲಾಗದು.

ಅಷ್ಟರಲ್ಲಿ ಡಿಪೋದಿಂದ ಯಾವುದಕ್ಕೋ ಫೋನು ಬಂತು. ಇವರು ವಿಷಯ ತಿಳಿಸಿದರು. ಆ ಕಡೆಯ ಸಾಹೇಬರ ದನಿ ನನಗೂ ಕೇಳಿಸುತ್ತಿತ್ತು.

"ಕೆಡುವ ಪದಾರ್ಥ ಅಂತ ಬರ್ಕೊಂಡು ಹರಾಜು ಹಾಕಿ. ಅಷ್ಟು ಯೋಚನೆ ಏನ್ರೀ ಅದಕ್ಕೆ?"

ಹರಾಜು ಹಿಡಿಯಲು ಆಗಲೇ ಒಬ್ಬ ಕಿಟಕಿಯಲ್ಲಿ ನಿಂತಿದ್ದ. ಇವರು ಅವನನ್ನೊಮ್ಮೆ, ಬಾಕ್ಸನ್ನೊಮ್ಮೆ ನೋಡಿದರು.

"ಸಾರ್, ಪದಾರ್ಥ ಅಂದ್ರೆ ಜೀವ ಇರ್ಬಾರ್ದು. ಕೋಳಿಗೆ ಟಿಕೆಟ್ ಕೊಡ್ತೀವಿ, ಕುರೀಗ್ ಕೊಡ್ತೀವಿ. ಟಿಕೆಟ್ ಕೊಟ್ ಮ್ಯಾಲೆ ಅವು ಪ್ಯಾಸೆಂಜರ್ರು. ಇವೂ ಪ್ಯಾಸೆಂಜರ್ರೇಯ, ಸ್ಟಾಪ್ ತಪ್ಪಿಸ್ಕಂಡವೆ. ಮುಂದಿನ್ ಬಸ್ಸಿಗೆ ವಾಪಸ್ ಕಳಿಸ್ತೀನಿ."

"ಏನಾದ್ರೂ ಮಾಡ್ಕೊಳ್ರೀ" ಎಂದು ಸಾಹೇಬರು ಫೋನು ಇಟ್ಟರು.

ಕಂಟ್ರೋಲರು ನನ್ನ ಮುಂದಿನ ಟ್ರಿಪ್ಪನ್ನು ಇನ್ನೊಬ್ಬ ಕಂಡಕ್ಟರಿಗೆ ಬದಲಾಯಿಸಿ, ನನ್ನನ್ನು ಮತ್ತೆ ಅದೇ ದಾರಿಗೆ ಹಾಕಿದರು. ಬಾಕ್ಸ್ ವಾಪಸು ಕೊಂಡೊಯ್ಯಲು ಕಳಿಸಿದ್ದು ತಾವೇ ಎಂದು ನನ್ನ ಟ್ರಿಪ್ ಹಾಳೆಯ ಮೇಲೆ ಬರೆದು ಸಹಿ ಹಾಕಿದರು. "ಹುಳ ಅಂತ ಕೂಗ್ಬ್ಯಾಡ. ಬಾಕ್ಸು ಅಂತ ಮಾತ್ರ ಕೂಗು. ಒಳಗೇನೈತೆ ಅಂತ ಅವ್ರೇ ಯೋಳ್ಬೇಕು. ಕೊಟ್ಟು ಸಹಿ ಇಸ್ಕಂಡು ಬಾ" ಎಂದು ಒಂದು ಹಾಳೆ, ಪೆನ್ನು ಕೊಟ್ಟರು.

ಬಾಕ್ಸನ್ನು ನನ್ನ ಸೀಟಿನ ಮೇಲಿಟ್ಟು ನಾನು ಫುಟ್‌ಬೋರ್ಡಿನಲ್ಲಿ ನಿಂತೆ. ಪ್ರತಿ ಸ್ಟಾಪಿನಲ್ಲೂ "ಬೆಳಿಗ್ಗೆ ಬಾಕ್ಸ್ ಬುಟ್ಟೋರು ಯಾರಾದ್ರೂ ಅವರಾ?" ಎಂದು ಕೂಗು. ಒಂದು ಕಡೆ ಮರದಡಿ ಕೂತಿದ್ದ ಮುದುಕಪ್ಪ, "ನಂದೇ ಕಣವ್ವಾ!" ಎಂದು ಎದ್ದ.

"ಒಳಗೇನೈತೆ?"

"ಏನೈತೆ ಅಂತ ನೀನೇ ಯೋಳು. ಏನಿದ್ರೂ ನಂದೇಯ!"

ಬಸ್ಸಿಗೆ ಬಸ್ಸೇ ನಕ್ಕಿತು. ಆದರೆ ಸ್ಟಾಪುಗಳು ಮುಗಿಯುತ್ತಾ ಬಂದ ಹಾಗೆ ನನ್ನ ನಗು ಇಳಿಯುತ್ತಾ ಬಂತು. ಹಾಕಿದ್ದ ಸೊಪ್ಪು ಬಾಡುತ್ತಿತ್ತು.

ಯಾವ ಸ್ಟಾಪು ಎಂದು ಬರೆಯುವುದಿಲ್ಲ, ಯಾಕೆಂದು ನಿಮಗೇ ತಿಳಿಯುತ್ತದೆ. ಅಲ್ಲಿ ರಸ್ತೆಯ ಅಂಚಿನಲ್ಲಿ, ನೆರಳಿದ್ದರೂ ನೆರಳಿಗೆ ಹೋಗದೆ, ಒಬ್ಬ ಹುಡುಗಿ ನಿಂತಿದ್ದಳು. ಕೊರಳಲ್ಲಿ ತಾಳಿಯ ದಾರದ ಅರಿಶಿನ ಇನ್ನೂ ಮಾಸಿರಲಿಲ್ಲ. ಬೆಳಿಗ್ಗೆ ಇಳಿದ ಜಾಗದಲ್ಲೇ, ಅದೇ ಬಸ್ಸು ಅದೇ ದಾರಿಯಲ್ಲಿ ವಾಪಸು ಬರುತ್ತದೆಂದು ಕಾಯುತ್ತಾ ನಿಂತಿದ್ದಳು. ಅದು ಬೇರೆ ದಾರಿಯಲ್ಲಿ ಸುತ್ತಿಕೊಂಡು ಹೋಗುವುದು ಅವಳಿಗೆ ಗೊತ್ತಿರಲಿಲ್ಲ. ನಾನು "ಬಾಕ್ಸ್" ಅನ್ನುವಷ್ಟರಲ್ಲಿ ಓಡಿ ಬಂದಳು.

"ಒಳಗೇನೈತೆ ಯೋಳವ್ವ" ಅಂದೆ, ಕಂಟ್ರೋಲರ ಗತ್ತಿನಲ್ಲೇ.

ಅವಳು ನನ್ನ ಕೈ ಹಿಡಿದು, "ಅಕ್ಕಾ, ಸೊಪ್ಪು ಹಾಕಿದ್ರಾ?" ಅಂದಳು.

"ಹಾಕಿದ್ದೀನಿ, ಮೂಲೆಗೂ ಹಾಕಿದ್ದೀನಿ" ಅಂದೆ. ಅವಳು ಬಟ್ಟೆ ಸರಿಸಿ ನೋಡಿ, ಅಲ್ಲೇ ಕೂತು ಅಳಲು ಶುರು ಮಾಡಿದಳು. ಬಿಕ್ಕುವ ನಡುವೆ ಹೇಳಿದ್ದು ಇಷ್ಟು. ಅವರ ಮನೆಯ ಹುಳದ ಮನೆ ಇಷ್ಟು ದಿನ ಅತ್ತೆಯ ಕೈಯಲ್ಲಿತ್ತು. ಅತ್ತೆಗೆ ಮಂಡಿನೋವು. ಈ ಬೆಳೆಯಿಂದ ಸೊಸೆ ನೋಡಿಕೊಳ್ಳಲಿ ಎಂದು ಮನೆಯಲ್ಲಿ ಮಾತಾಗಿ, ಅತ್ತೆ ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿ, ಮೊದಲ ಸಲ ಇವಳೊಬ್ಬಳನ್ನೇ ಹುಳ ತರಲು ಕಳಿಸಿದ್ದರು.

"ಬಸ್ಸಲ್ಲಿ ಬುಟ್ ಬಂದೆ ಅಂತ ಗೊತ್ತಾದ್ರೆ ಹುಳದ್ ಮನೆ ಹೊಸ್ಲು ತುಳ್ಯಕ್ಕೂ ಬುಡಾಕಿಲ್ಲ ಅಕ್ಕ. ಬಸ್ ಕೆಟ್ಟೋಗಿತ್ತು ಅಂತೀನಿ. ಯಾರ್ಗೂ ಯೋಳ್ಬ್ಯಾಡಿ."

"ಯಾರಿಗೂ ಹೇಳಲ್ಲ, ಹೋಗು" ಅಂದೆ. ಡ್ರೈವರು ಹಾರನ್ ಹೊಡೆದ, ನಾನು ಬಸ್ಸು ಹತ್ತಿದೆ. ಅವಳು ಬಾಕ್ಸನ್ನು ಎದೆಗವಚಿಕೊಂಡು ಹೋಗುವುದನ್ನು ಬಸ್ಸಿನಲ್ಲಿದ್ದವರೆಲ್ಲ ಕತ್ತು ಚಾಚಿ ನೋಡಿದರು.

ಮಾಗಡಿಗೆ ಬಂದು ಎಲ್ಲ ಒದರಿದೆ. ಸೊಪ್ಪಿನ ಮಾತು ಕೇಳಿ ಕಂಟ್ರೋಲರು ಕನ್ನಡಕ ಒರೆಸಿಕೊಂಡರು. "ಅವ್ಳದ್ದೇ ಬುಡು" ಅಂದರು. ಆಮೇಲೆ ಕೈ ಚಾಚಿದರು.

"ಸಹಿ?"

ಹಾಳೆ, ಪೆನ್ನು ಎರಡೂ ನನ್ನ ಜೇಬಿನಲ್ಲೇ ಇದ್ದವು. ಮರೆತೇಬಿಟ್ಟಿದ್ದೆ. ಬೈಗುಳಕ್ಕೆ ತಲೆ ಬಗ್ಗಿಸಿ ನಿಂತೆ. ಅವರು ನಶ್ಯ ಏರಿಸಿದರು. "ಉಂಡ್ಯಾ?" ಎಂದು ಕೇಳಿದರು. ಇಲ್ಲವೆಂದೆ. "ಹೋಗ್ ಉಣ್ಣು ಮೊದ್ಲು" ಅಂದರು.

ಮೂರು ತಿಂಗಳ ಮೇಲೆ ಇನ್‌ಸ್ಪೆಕ್ಷನ್ನಿಗೆ ಬಂದವರು ಪುಸ್ತಕ ತೆಗೆದರು. "ಬಾಕ್ಸ್ ಒಂದು" ಎಂದಿದೆ. ಬೀರುವಿನಲ್ಲಿ ಬಾಕ್ಸಿಲ್ಲ, ಹರಾಜಾಗಿಲ್ಲ, ಪಡೆದವರ ಸಹಿಯಿಲ್ಲ. ಸ್ಟಾಪ್ ತಪ್ಪಿಸಿಕೊಂಡ ಪ್ಯಾಸೆಂಜರುಗಳ ಕಥೆ ಅವರ ಮುಂದೆ ನಡೆಯಲಿಲ್ಲ. ಮೆಮೊ ಬಂತು: ಒಂದು ವಾರದೊಳಗೆ ಪಡೆದವರಿಂದ ಅರ್ಜಿ ಮತ್ತು ಸಹಿ ತಂದು ಹಾಜರುಪಡಿಸಿ, ಇಲ್ಲವೇ ಲಿಖಿತ ವಿವರಣೆ ಕೊಡಿ. ಕಂಟ್ರೋಲರ ರಿಟೈರ್‌ಮೆಂಟಿಗೆ ಇನ್ನು ಕೆಲವೇ ತಿಂಗಳಿತ್ತು. ಅಷ್ಟು ವರ್ಷದ ಸರ್ವೀಸಿನಲ್ಲಿ ಅವರಿಗೆ ಬಂದ ಮೊದಲ ಮೆಮೊ ಅದು.

"ಸಾರ್, ನಾನು ಹೋಗಿ ಸಹಿ ಹಾಕಿಸಿಕೊಂಡು ಬರ್ತೀನಿ. ಸ್ಟಾಪ್ ಗೊತ್ತು, ಊರು ಗೊತ್ತು" ಅಂದೆ.

"ಹೂಂ, ಹೋಗು. ಖಾಕಿ ಹಾಕ್ಕಂಡು ಅವ್ಳ ಮನೆ ಬಾಗ್ಲಲ್ಲಿ ನಿಂತ್ಕ. ಯಾಕವ್ವ ಬಂದೆ ಅಂತ ಅವ್ರತ್ತೆ ಕೇಳ್ತಾಳೆ. ಏನಂತೀಯ?"

"ಬಸ್ಸಲ್ಲಿ ಸಿಕ್ಕಿದ್ರೆ ಕೇಳಲಾ?"

"ಕೇಳಿದ್ರೆ ಅರ್ಜಿ ಬೇಕು, ಆಧಾರ್ ಬೇಕು, ಎನ್ಕ್ವೈರಿಗೆ ಅಂತ ಡಿಪೋಗೆ ಕರುಸ್ತಾರೆ. ಮನೇಲಿ ಗೊತ್ತಾಗ್ದೆ ಇರ್ತದಾ? ಬ್ಯಾಡ."

"ಹಂಗಾದ್ರೆ ಸಹಿ ಮರೆತಿದ್ದು ನಾನು ಅಂತ ಬರೆದುಕೊಡ್ತೀನಿ ಸಾರ್. ನಿಜ ಅದೇ ತಾನೆ?"

"ನಿನ್ ಟ್ರೈನಿಂಗ್ ಮುಗ್ಯಕ್ಕೆ ಇನ್ನಾ ಎಷ್ಟ್ ತಿಂಗ್ಳು ಐತೆ?"

"ನಾಲ್ಕು."

"ಮತ್ತೆ ಬಾಯ್ ಮುಚ್ಕಂಡು ಬಸ್ ಹತ್ತು ಕಣಮ್ಮಿ."

ಅವರು ಬರೆದುಕೊಟ್ಟ ವಿವರಣೆಯನ್ನು ನಾನು ನೋಡಿದ್ದೇನೆ. ಒಂದೇ ಸಾಲು. ಸದರಿ ಬಾಕ್ಸನ್ನು ವಾರಸುದಾರರಿಗೆ ಒಪ್ಪಿಸಲಾಗಿದೆ, ಸಹಿ ಪಡೆಯುವುದನ್ನು ನಾನು ಮರೆತಿರುತ್ತೇನೆ. ಅದರ ಕೆಳಗೆ ಅವರ ದುಂಡನೆಯ ಸಹಿ. ಸರ್ವೀಸ್ ರಿಜಿಸ್ಟರಿನಲ್ಲಿ ಷರಾ ಬಿತ್ತು: ಕರ್ತವ್ಯದಲ್ಲಿ ಮರೆವು, ಎಚ್ಚರಿಕೆ ನೀಡಿದೆ.

ಆ ಹುಡುಗಿಯ ಬೆಳೆ ಚೆನ್ನಾಗಿ ಬಂದಿತ್ತು. ಅದರ ಮುಂದಿನ ಬೆಳೆಯೂ. ಗೂಡಿನ ಚೀಲ ಹೊತ್ತುಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗುವಾಗ ನನ್ನ ಬಸ್ಸಿಗೇ ಹತ್ತುತ್ತಾಳೆ, ಈಗ ಚೀಲವನ್ನು ಯಾರ ಕೈಗೂ ಕೊಡುವುದಿಲ್ಲ. ಸೆರಗಿನ ತುದಿಯಲ್ಲಿ ಹುಳದ ಮನೆಯ ಬೀಗದ ಕೈ ಕಟ್ಟಿರುತ್ತಾಳೆ. ಮೆಮೊ ವಿಷಯ ಅವಳಿಗೆ ಗೊತ್ತಿಲ್ಲ.

ಕಂಟ್ರೋಲರು ರಿಟೈರಾದ ದಿನ ಡಿಪೋದಲ್ಲಿ ಬೀಳ್ಕೊಡುಗೆ ಇಟ್ಟುಕೊಂಡಿದ್ದರು. ಹಾರ, ಶಾಲು, ಮೈಸೂರುಪಾಕು, ಎಲ್ಲರ ಬಾಯಲ್ಲೂ ತಾವು ತಿಂದ ಬೈಗುಳದ ಕಥೆ. ಕೊನೆಗೆ ಸಾಹೇಬರು ಎದ್ದು ಮಾತಾಡಿದರು. "ಇವರ ಫೈಲು ತೆಗೆದು ನೋಡಿದೆ. ಇಡೀ ಸರ್ವೀಸಿಗೆ ಒಂದೇ ಒಂದು ಷರಾ. ಅದೂ ಯಾವುದಕ್ಕೆ ಅಂತೀರಿ? ಮರೆವಿಗೆ!" ಅಂದರು. ಶಾಮಿಯಾನ ಹಾರಿಹೋಗುವ ಹಾಗೆ ಎಲ್ಲರೂ ನಕ್ಕರು. ಡ್ರೈವರುಗಳು ಶಿಳ್ಳೆ ಹೊಡೆದರು. "ಏನ್ ಮಾಡಾದು ಸಾರ್, ವಯಸ್ಸಾಯ್ತು" ಎಂದು ಅವರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

ನನಗೆ ತಡೆಯಲಾಗಲಿಲ್ಲ. ಟ್ರೈನಿಂಗ್ ಮುಗಿದು ಆಗಲೇ ಒಂದು ವಾರವಾಗಿತ್ತು, ಇನ್ನು ಯಾರ ಭಯ? ಹೇಳಿಯೇಬಿಡುತ್ತೇನೆ ಎಂದು ಕುರ್ಚಿಯಿಂದ ಎದ್ದೆ. ಅಷ್ಟು ಜನರ ನಗುವಿನ ನಡುವೆ ಅವರ ಕಣ್ಣು ನೇರ ನನ್ನ ಮೇಲೆ ಬಿತ್ತು. ನಗುತ್ತಲೇ ಇದ್ದರು. ಹಾರದ ಮರೆಯಲ್ಲಿ ಬಲಗೈ ಮಾತ್ರ ಸ್ವಲ್ಪ ಮೇಲೆ ಬಂದು, ಕೂತ್ಕೋ ಎಂದು ನಿಧಾನಕ್ಕೆ ಕೆಳಗಿಳಿಯಿತು.

ಕೂತುಕೊಂಡೆ.